ಕಂಬಕ್ಕೆ ಸುತ್ತಿದ ಬಳ್ಳಿ

ಅವರ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಯಾವಾಗಲೂ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿರುತ್ತಿದ್ದವು. ಉಳಿದ ಉಗುರುಗಳೆಲ್ಲ ಫೋಟೋ ತೊಳೆಯುವ ಔಷಧಕ್ಕೆ ಸಿಕ್ಕು ಕಂದು ಬಣ್ಣಕ್ಕೆ ತಿರುಗಿದ್ದವು. ಆ ಒಂದನ್ನು ಮಾತ್ರ ಉದ್ದ ಬಿಟ್ಟು, ತಿಕ್ಕಿ ತಿಕ್ಕಿ ಬೆಳ್ಳಗೆ ಇಟ್ಟುಕೊಂಡಿದ್ದರು. ಮೊದಲ ಸಲ ನೋಡಿದಾಗ, ಈ ಮನುಷ್ಯ ಗುಟ್ಟಾಗಿ ಏನನ್ನೋ ಎಣಿಸಿ ಗುರುತು ಹಾಕಿಕೊಳ್ಳುತ್ತಿದ್ದಾನೆ ಎಂದೇ ನನಗೆ ಅನಿಸಿತು. ಅದು ಪೆನ್ಸಿಲ್ಲಿನ ಮೊನೆ ಪರೀಕ್ಷೆ ಮಾಡುವ ಜಾಗವೆಂದು ಗೊತ್ತಾದದ್ದು ಬಹಳ ದಿನಗಳ ಮೇಲೆ.

ನವಲಗುಂದದ ಪೇಟೆಯಲ್ಲಿ ಹಿಟ್ಟಿನ ಗಿರಣಿಯ ಗೋಡೆಗೆ ಅಂಟಿಕೊಂಡು ಅವರ ಫೋಟೋ ಅಂಗಡಿ ಇತ್ತು. ಒಂದು ದಿನವೂ ಶಾಲೆಯಲ್ಲಿ ಕಲಿಸಿದವರಲ್ಲ, ಆದರೂ ಸುತ್ತಲಿನ ಹಳ್ಳಿಗಳಿಗೆಲ್ಲ ಅವರು ಫೋಟೋ ಮಾಸ್ತರ್ರು. ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ನಮ್ಮ ಕನ್ನಡ, ಸಿಟ್ಟು ಬಂದರೆ ಎರಡೂ. ಅಂಗಡಿಯ ಹಿಂದೆಯೇ ಮನೆ. ಅವರ ಹೆಂಡತಿಯನ್ನು ಎಲ್ಲರೂ ಚಾಚಿ ಎಂದು ಕರೆಯುತ್ತಿದ್ದರು.

ಮಾಸ್ತರರಷ್ಟು ಸಂಶಯದ ಮನುಷ್ಯನನ್ನು ನಾನು ಕಂಡಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡಿಸುತ್ತಿದ್ದರು, ಅದು ಮರ್ಯಾದೆಗಲ್ಲ, ಎರೆ ಮಣ್ಣಿನ ಧೂಳು ಒಳಗೆ ಬಂದು ನೆಗೆಟಿವ್ ಮೇಲೆ ಕೂತೀತೆಂದು. ಬಾವಿಯ ನೀರು ಸವಳು, ಫೋಟೋ ಮೇಲೆ ಬಿಳಿ ಕಲೆ ಬಿಡುತ್ತದೆ ಎಂದು ಕೆರೆ ನೀರನ್ನೇ ತರಿಸುತ್ತಿದ್ದರು. ತಂದ ಕೊಡದಿಂದ ಒಂದು ಹನಿ ನಾಲಿಗೆಗೆ ಹಚ್ಚಿ ನೋಡದೆ ಒಳಗೆ ಬಿಡುತ್ತಿರಲಿಲ್ಲ. "ನಾ ಕಣ್ಣ ಮುಚ್ಚಿಲ್ರಿ" ಎಂದು ಗಿರಾಕಿ ಆಣೆ ಮಾಡಿ ಹೇಳಿದರೂ ಎರಡನೆಯದೊಂದು ತೆಗೆದೇ ತೆಗೆಯುತ್ತಿದ್ದರು. ಗಿರಣಿಯವನ ಮೇಲಂತೂ ಅವರಿಗೆ ಕಾಯಂ ಸಂಶಯ. ಅವನ ಮೋಟರು ಶುರುವಾದರೆ ಇವರ ಬಲ್ಬು ಮಂಕಾಗುತ್ತಿತ್ತು. ಗೋಡೆಯ ಆಚೆಯ ಸದ್ದು ಕೇಳಿಯೇ, ಜೋಳ ಬೀಸುತ್ತಿದ್ದಾನೋ ಖಾರ ಕುಟ್ಟುತ್ತಿದ್ದಾನೋ ಎಂದು ಹೇಳಿಬಿಡುತ್ತಿದ್ದರು.

ನನ್ನದೂ ಅದೇ ಜಾತಕ. ಹಾಲಿನವಳ ಚೆಂಬನ್ನು ಬೆಳಕಿಗೆ ಹಿಡಿದು ನೋಡುವವಳು, ಬಂದ ಪತ್ರದ ಅಂಚು ತೇವವಾಗಿದ್ದರೆ ಯಾರು ಒಡೆದು ಮತ್ತೆ ಅಂಟಿಸಿದರೆಂದು ಇಡೀ ದಿನ ಯೋಚಿಸುವವಳು. ತಿರ್ಲಾಪುರದ ನಮ್ಮ ಮನೆಯಲ್ಲಿ ಅಪ್ಪ ನನ್ನನ್ನು ಪೊಲೀಸ್ ಫೌಜದಾರ ಎಂದೇ ಕರೆಯುತ್ತಿದ್ದ. ಇಂಥ ಇಬ್ಬರು ಎದುರುಬದುರಾದದ್ದು ಎಂಬತ್ತರ ದಶಕದ ನಡುವಿನಲ್ಲಿ, ನನ್ನ ಮದುವೆಯ ಫೋಟೋದ ಸಲುವಾಗಿ.

ಮದುವೆಯ ಫೋಟೋ ಅಂದರೆ ಮದುವೆಗೆ ಮುಂಚೆ ವರನ ಕಡೆಗೆ ಕಳಿಸುವ ಫೋಟೋ. ನನಗಾಗ ಇಪ್ಪತ್ನಾಲ್ಕು. ಸಣ್ಣವಳಿದ್ದಾಗ ಕುದಿಯುವ ಎಣ್ಣೆ ಸಿಡಿದು ಬಲಗಲ್ಲದ ಮೇಲೆ ಹುಣಸೆಬೀಜದಷ್ಟು ದೊಡ್ಡ ಕಲೆ ಉಳಿದಿತ್ತು. ಎರಡು ಸಂಬಂಧ ಆ ಕಲೆ ನೋಡಿ ಎದ್ದು ಹೋಗಿದ್ದವು. ಅವರು ಚಹಾ ಕುಡಿದ ಬಟ್ಟಲು ತೊಳೆಯುವಾಗ ನನಗೆ ಅಳು ಬಂದಿರಲಿಲ್ಲ, ಸಿಟ್ಟು ಬಂದಿತ್ತು. ಮೂರನೆಯ ಸಂಬಂಧ ಕಲಘಟಗಿ ಕಡೆಯದು. ಹುಡುಗನಿಗೆ ನೌಕರಿ, ಹೊಲ, ಹಿರಿಯರ ಹೆಸರು ಎಲ್ಲ ಇತ್ತು. ಅವನ ಫೋಟೋ ಮೊದಲೇ ನಮ್ಮ ಮನೆಗೆ ಬಂದಿತ್ತು. ನನ್ನದನ್ನು ಕಳಿಸಬೇಕಾಗಿತ್ತು.

ಅಪ್ಪ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಮಾಸ್ತರರ ಅಂಗಡಿಗೆ ಬಂದ. ಅವರ ಅಂಗಡಿಯ ಹಿಂಭಾಗದ ಗೋಡೆಗೆ ದೊಡ್ಡ ಬಣ್ಣದ ಪರದೆ ತೂಗುಹಾಕಿದ್ದರು. ಅದರಲ್ಲಿ ಒಂದು ತೋಟ, ಮೆಟ್ಟಿಲು, ಒಂದು ದಪ್ಪ ಕಂಬ, ಕಂಬಕ್ಕೆ ಮೇಲಿನಿಂದ ಕೆಳಗಿನವರೆಗೆ ಸುತ್ತಿದ ಹೂಬಳ್ಳಿ. ನಮ್ಮ ತಾಲೂಕಿನ ಅರ್ಧ ಜನ ಆ ಕಂಬದ ಬಳಿ ನಿಂತು ಫೋಟೋ ತೆಗೆಸಿಕೊಂಡವರೇ. ಮಾಸ್ತರರು ನನ್ನನ್ನು ಮೆಟ್ಟಿಲ ಮುಂದೆ ಕೂರಿಸಿದರು.

ಫೋಟೋ ಆದ ಮೇಲೆ ಅಪ್ಪ ಮೆಲ್ಲಗೆ ಹೇಳಿದ. "ಮಾಸ್ತರ್ರ, ಆ ಗಲ್ಲದ ಕಲಿ ಒಂದು ತಗದಬಿಡ್ರಿ. ವರನ ಕಡೆಯವ್ರಿಗೆ ಕಳಸೂದೈತಿ."

"ತಗೀತೀನ್ರಿ. ಕಾಗದದ ಮ್ಯಾಲಿಂದ ತಗ್ಯಾಕ ನನಗೇನ ಕಷ್ಟ? ಹುಡುಗ ಮನಿಗೆ ಬಂದು ಇಕಿ ಎದುರ ಕುಂತ ದಿವ್ಸ ಮಾತ್ರ ನನ್ನ ಕರೀಬ್ಯಾಡ್ರಿ."

ಅಪ್ಪ ನಕ್ಕ. ನಾನು ನಗಲಿಲ್ಲ. ಆಮೇಲೆ ಅಪ್ಪ ಚೀಲದಿಂದ ವರನ ಫೋಟೋ ತೆಗೆದು ಹೆಮ್ಮೆಯಿಂದ ಮೇಜಿನ ಮೇಲಿಟ್ಟ. "ಇಲ್ನೋಡ್ರಿ, ವರನೂ ನಿಮ್ಮ ಕಡೇನ ತಗಿಸ್ಯಾನ. ನಿಮ್ಮ ಪಡದಿ, ನಿಮ್ಮ ಕಂಬ! ಋಣಾನುಬಂಧ ಅಂದ್ರ ಇದ ನೋಡ್ರಿ."

ಮಾಸ್ತರರು ಫೋಟೋ ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಫೋಟೋ ಛಲೋ ಬಂದೈತ್ರಿ" ಎಂದರು. ಹುಡುಗ ಛಲೋ ಅದಾನ ಎನ್ನಲಿಲ್ಲ. ಇದನ್ನು ನಾನು ಮನಸ್ಸಿನಲ್ಲಿ ಗಂಟು ಕಟ್ಟಿಟ್ಟುಕೊಂಡೆ. ಕಲಘಟಗಿಯವನು ಧಾರವಾಡ ಬಿಟ್ಟು, ಹುಬ್ಬಳ್ಳಿ ಬಿಟ್ಟು, ಫೋಟೋಕ್ಕೆಂದು ನವಲಗುಂದದವರೆಗೆ ಯಾಕೆ ಬಂದ ಎಂಬ ಇನ್ನೊಂದು ಗಂಟು ಮೊದಲೇ ಇತ್ತು. ಅಪ್ಪನನ್ನು ಕೇಳಿದ್ದಕ್ಕೆ, "ಇಲ್ಲೇನೋ ಕೆಲಸಿತ್ತಂತ ಬಿಡಬೇ" ಎಂದಿದ್ದ.

"ಮುಂದಿನ ವಾರ ಬರ್ರಿ" ಎಂದರು ಮಾಸ್ತರರು. ಮುಂದಿನ ವಾರ ಹೋದೆವು. ಫೋಟೋ ಆಗಿರಲಿಲ್ಲ.

ಅವರ ಕತ್ತಲೆ ಕೋಣೆಯಲ್ಲಿ ಒಂದು ಎನ್‌ಲಾರ್ಜರ್ ಇತ್ತು. ಸಣ್ಣ ನೆಗೆಟಿವ್ ಮೂಲಕ ಮೇಲಿನಿಂದ ಬೆಳಕು ಬಿಟ್ಟು, ಕೆಳಗಿನ ಕಾಗದದ ಮೇಲೆ ಚಿತ್ರವನ್ನು ದೊಡ್ಡದಾಗಿ ಬೀಳಿಸುವ ಯಂತ್ರ ಅದು. "ಮಷೀನ ಸಿಕ್ಕೊಂಡ ಬಿಟ್ಟೈತ್ರಿ. ಮ್ಯಾಲೂ ಹೋಗವಲ್ದು, ಕೆಳಗೂ ಬರವಲ್ದು. ಇಕಿ ಫೋಟೋ ಅರ್ಧಾ ಬರೂದ್ರಾಗ ನಿಂತುಬಿಡ್ತದ" ಎಂದರು ಮಾಸ್ತರರು. ಎರಡನೆಯ ವಾರ ಬಲ್ಬು ಹೋಗಿದೆ, ಹುಬ್ಬಳ್ಳಿಯಿಂದ ಬರಬೇಕು ಎಂದರು. ಮೂರನೆಯ ವಾರ ತಪ್ಪು ಗಿರಣಿಯವನದಾಯಿತು. "ಅವ ಮೋಟರ ಹಚ್ಚತಾನ್ರಿ, ನನ್ನ ಮಷೀನ ಉಸುರ ಬಿಡ್ತದ" ಎಂದರು.

ಅಪ್ಪ ನಂಬಿದ. ನಾನು ಹೊರಗೆ ಬಂದು ನೋಡಿದೆ. ಗಿರಣಿಗೆ ಬೀಗ ಬಿದ್ದಿತ್ತು. ಪಕ್ಕದ ಚಹಾದಂಗಡಿಯವನನ್ನು ಕೇಳಿದರೆ, ಗಿರಣಿಯವನ ಮಗಳ ಬಾಣಂತನ, ನಾಲ್ಕು ದಿನದಿಂದ ಬೀಗ ತೆಗೆದಿಲ್ಲ ಎಂದ. ಅಷ್ಟೇ ಅಲ್ಲ, ಮಾಸ್ತರರ ಅಂಗಡಿಯೊಳಗೆ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದ ದಾರದ ಮೇಲೆ ಪರೀಕ್ಷೆಯ ಫಾರ್ಮಿಗೆ ಬೇಕಾದ ಸಣ್ಣ ಸಣ್ಣ ಫೋಟೋಗಳು ಸಾಲಾಗಿ ಒಣಗುತ್ತಿದ್ದವು. ಎಲ್ಲರ ಮುಖಕ್ಕೂ ನಡೆಯುವ ಯಂತ್ರ ನನ್ನ ಮುಖಕ್ಕೆ ಮಾತ್ರ ಯಾಕೆ ನಿಲ್ಲಬೇಕು?

ಇಡೀ ದಾರಿ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಕಲೆ ತೆಗೆಯಲು ಬಾರದೆ ನಾಚಿಕೊಂಡು ಸುಳ್ಳು ಹೇಳುತ್ತಿದ್ದಾರೋ? ಯಾರೋ ಆಗದವರು ನಮ್ಮ ಕೆಲಸ ಕೆಡಿಸಲು ಇವರ ಕಿವಿ ತುಂಬಿದ್ದಾರೋ? ವರನ ಕಡೆಯವರೇ ನನ್ನ ಕಲೆಯ ವಿಷಯ ಇವರಿಂದ ತಿಳಿದುಕೊಂಡರೋ? ಇದರ ನಡುವೆ ಕಲಘಟಗಿಯಿಂದ ಹೇಳಿಕಳಿಸಿದ್ದರು: ಫೋಟೋ ಕಳಿಸಲು ಇಷ್ಟು ದಿನ ಯಾಕೆ, ಹುಡುಗಿಯಲ್ಲಿ ಏನಾದರೂ ಐಬಿದೆಯೋ, ಈ ಹುಣ್ಣಿಮೆಯೊಳಗೆ ಬಾರದಿದ್ದರೆ ನಾವು ಬೇರೆ ಕಡೆ ನೋಡುತ್ತೇವೆ. ಅವ್ವ ದೇವರ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಈ ಮೂರನೆಯದೂ ಹೋದರೆ ನಾಲ್ಕನೆಯದು ಬರುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹುಣ್ಣಿಮೆಗೆ ಐದು ದಿನ ಇತ್ತು. ಹೊಲಿಗೆ ಕ್ಲಾಸಿಗೆ ದಾರ ತರಬೇಕೆಂದು ಅವ್ವನಿಗೆ ಸುಳ್ಳು ಹೇಳಿ, ಬೆಳಗಿನ ಬಸ್ಸಿಗೆ ಒಬ್ಬಳೇ ನವಲಗುಂದಕ್ಕೆ ಹೋದೆ. ನನ್ನ ಚೀಲದಲ್ಲಿ ವರನ ಫೋಟೋ ಇತ್ತು. ಅದನ್ನು ನಾನು ಒಂದು ತಿಂಗಳಿಂದ ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ. ಹೇಳಲು ಈಗ ನಾಚಿಕೆಯೇನಿಲ್ಲ, ಆ ಮುಖ ನನಗೆ ಹಿಡಿಸಿತ್ತು.

ಮಾಸ್ತರರು ಮೇಜಿನ ಹಿಂದೆ ಕೂತು ಪೆನ್ಸಿಲ್ ಮೊನೆ ಮಾಡುತ್ತಿದ್ದರು.

"ಮಾಸ್ತರ್ರ, ಮಷೀನ ತೋರಸ್ರಿ" ಎಂದೆ.

"ನಿನಗೇನ ತಿಳೀತದವಾ ಅದರಾಗ?"

"ನಿಮಗ ಮೂರ ವಾರ ತಿಳೀಲಿಲ್ಲಲ್ಲ, ನಾನೂ ಒಂದ ಕೈ ನೋಡ್ತೀನಿ."

ಒಳಗಿನಿಂದ ಚಾಚಿ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಮಾಸ್ತರರು ನಗಲಿಲ್ಲ. ನನ್ನನ್ನು, ನನ್ನ ಚೀಲವನ್ನು, ಬಾಗಿಲಲ್ಲಿ ಬಿಟ್ಟ ನನ್ನ ಚಪ್ಪಲಿಯನ್ನು ಒಂದು ಸುತ್ತು ನೋಡಿ, "ಏ, ಸ್ವಲ್ಪ ಇಲ್ಲಿ ಬಾ" ಎಂದು ಚಾಚಿಯನ್ನು ಕರೆದರು. ಚಾಚಿ ಬೆಳ್ಳುಳ್ಳಿಯ ಮೊರ ಹಿಡಿದುಕೊಂಡು ಬಂದು ಕತ್ತಲೆ ಕೋಣೆಯ ಬಾಗಿಲಲ್ಲೇ ಕೂತರು. ನಾವಿಬ್ಬರೂ ಒಳಗೆ ಹೋದೆವು. ಕೆಂಪು ಬಲ್ಬು, ಹುಳಿ ವಾಸನೆ, ನಡುವೆ ಆ ಯಂತ್ರ ತಲೆ ತಗ್ಗಿಸಿಕೊಂಡು ನಿಂತಿತ್ತು.

"ನೋಡವಾ, ಸಂಶಯಕ್ಕೂ ಪಾಳಿ ಹಚ್ಚಬೇಕು" ಎಂದರು. "ಒಮ್ಮಿಗೆ ಎಲ್ಲಾರ ಮ್ಯಾಲ ಸಂಶಯ ಪಟ್ರ ಕಳ್ಳ ಸಿಗಂಗಿಲ್ಲ. ಮೊದಲ ನಿನ್ನ ಕೈ. ಆಮ್ಯಾಲ ಕರೆಂಟು. ಆಮ್ಯಾಲ ಬಲ್ಬು, ಲೆನ್ಸು, ನೆಗೆಟಿವ್. ಅಗದಿ ಕಡೀಕ ಮಂದಿ. ಒಂದೊಂದ ನೋಡಬೇಕು. ಎರಡು ಕೂಡೇ ಬದಲ ಮಾಡಿದ್ರ ಯಾವುದರಿಂದ ಸುದ್ದ ಆತು ಅನ್ನೂದ ತಿಳ್ಯಾಂಗಿಲ್ಲ."

ನಾನು ಪಾಳಿ ಹಚ್ಚಿದೆ. ಮೊದಲು ಕೈ ತೊಳೆದು ಒರೆಸಿಕೊಂಡೆ, ಯಂತ್ರದ ಗುಂಡಿ ತಿರುವುವಾಗ ಕೈ ಜಾರುವುದಿಲ್ಲವೆಂದು ನೋಡಿದೆ. ಕರೆಂಟು ಇತ್ತು. ಬಲ್ಬು ಹೊಸದೇನಲ್ಲ, ಮೇಲೆ ಧೂಳು ಕೂತಿತ್ತು, ಆದರೆ ಜಗ್ಗನೆ ಹತ್ತಿತು. ಯಂತ್ರದ ತಲೆಯನ್ನು ಮೇಲೆ ಎತ್ತಿದೆ, ಬೆಣ್ಣೆಯಂತೆ ಮೇಲೆ ಹೋಯಿತು. ಇಳಿಸಿದೆ, ಇಳಿಯಿತು. ಯಾವುದೋ ಹುಡುಗನ ನೆಗೆಟಿವ್ ಇಟ್ಟು ನೋಡಿದೆ, ಚಿತ್ರ ಬಿತ್ತು. ಕೊನೆಗೆ ನನ್ನ ನೆಗೆಟಿವ್ ಇಟ್ಟೆ. ಬಿಳಿ ಹಲಗೆಯ ಮೇಲೆ ನನ್ನ ಮುಖ ಬೆಳಕು ಕತ್ತಲೆ ಅದಲುಬದಲಾಗಿ ಬಿತ್ತು. ಕೂದಲು ಬೆಳ್ಳಗೆ, ಹಲ್ಲು ಕಪ್ಪಗೆ. ಯಂತ್ರ ನಿಲ್ಲಲೂ ಇಲ್ಲ, ಸಿಕ್ಕಿಕೊಳ್ಳಲೂ ಇಲ್ಲ.

"ಕೈ ಐತಿ, ಕರೆಂಟ ಐತಿ, ಬಲ್ಬ ಐತಿ, ಎಲ್ಲಾ ಸುದ್ದ ಐತಿ. ಇನ್ನ ಉಳಿದದ್ದು ಮಂದಿ. ಮಂದಿ ಅಂದ್ರ ನೀವು" ಎಂದೆ. ನನ್ನ ದನಿ ಏರಿತ್ತು.

"ನಾನೂ ಹೌದು" ಎಂದರು ಮಾಸ್ತರರು.

"ನೀವೂ ಅಂದ್ರ? ಮತ್ಯಾರು?"

ಅವರು ಕತ್ತಲೆ ಕೋಣೆಯಿಂದ ಹೊರಗೆ ನಡೆದರು. ಅಂಗಡಿಗೆ ಬಂದು, ಚೀಲದ ಕಡೆಗೆ ಕೈ ಚಾಚಿದರು. ವರನ ಫೋಟೋ ನನ್ನ ಹತ್ತಿರ ಇದೆಯೆಂದು ಅವರಿಗೆ ಹೇಗೆ ಗೊತ್ತಾಯಿತೋ ತಿಳಿಯದು. ತೆಗೆದುಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಇಟ್ಟು, ಅದರ ಮೇಲೆ ತಮ್ಮ ಭೂತಗನ್ನಡಿ ಇಟ್ಟರು. ಆಮೇಲೆ ನನ್ನ ಕಡೆಗೆ ಬೆನ್ನು ಮಾಡಿ ಕೂತು ಮತ್ತೆ ಪೆನ್ಸಿಲ್ ಮೊನೆ ಮಾಡತೊಡಗಿದರು.

ನಾನು ನೋಡಿದೆ. ಮೊದಲು ಮುಖ ನೋಡಿದೆ, ಅಲ್ಲೇನೂ ಇರಲಿಲ್ಲ. ಒಬ್ಬನೇ ನಿಂತವನು ನಡುವೆ ನಿಲ್ಲದೆ ಇಷ್ಟು ಬದಿಗೆ ಯಾಕೆ ನಿಂತ ಎನಿಸಿತು. ಅವನ ಪಕ್ಕದಲ್ಲಿ ಕಂಬ. ತಲೆ ಎತ್ತಿ ಗೋಡೆಯ ಪರದೆ ನೋಡಿದೆ. ಅಲ್ಲಿನ ಕಂಬಕ್ಕೆ ಬಳ್ಳಿ ಮೇಲಿನಿಂದ ಬುಡದವರೆಗೆ ಸುತ್ತಿತ್ತು. ಫೋಟೋದ ಕಂಬದಲ್ಲಿ ಬಳ್ಳಿ ಮೇಲ್ಗಡೆ ಒಂದು ಸುತ್ತು ಇದ್ದು, ಹೆಣ್ಣುಮಗಳ ತಲೆಯ ಎತ್ತರಕ್ಕೆ ಬಂದು ಅಲ್ಲೇ ನಿಂತುಹೋಗಿತ್ತು. ಅಲ್ಲಿಂದ ಕೆಳಗೆ ಕಂಬ ಬೋಳು. ಭೂತಗನ್ನಡಿಯನ್ನು ಅವನ ತೋಳಿನ ಮೇಲೆ ಸರಿಸಿದೆ. ಅಂಗಿಯ ಗೆರೆಗಳು ಒಂದು ಉಗುರಿನಷ್ಟು ಜಾಗದಲ್ಲಿ ಬೇರೆಯಾಗಿದ್ದವು. ಅವು ನೇಯ್ದ ಗೆರೆಗಳಲ್ಲ, ಕುಂಚದಿಂದ ಎಳೆದವು. ಅಲ್ಲಿ ಒಂದು ಸೆರಗು ತಾಗಿಕೊಂಡಿದ್ದಿರಬೇಕು.

ಭೂತಗನ್ನಡಿ ಕೆಳಗಿಟ್ಟು ಕೇಳಿದೆ. "ಮಾಸ್ತರ್ರ, ಇಲ್ಲಿ ಯಾರೋ ನಿಂತಿದ್ರಲ್ಲ?"

"ನಾ ಏನೂ ಹೇಳಿಲ್ಲ ನೋಡು" ಎಂದರು, ತಿರುಗದೆ. "ಗಿರಾಕಿ ಮನಿ ಮಾತು ಅಂಗಡಿಯಿಂದ ಹೊರಗ ಹೋಗಬಾರ್ದು. ಇಪ್ಪತ್ತೆಂಟ ವರ್ಷ ಆತು, ಒಂದ ಮಾತ ಹೋಗಿಲ್ಲ."

"ನೀವೇನೂ ಹೇಳಿಲ್ರಿ. ಆಕಿ ಅದಾಳೋ ಇಲ್ಲೋ, ಅದನ್ನಷ್ಟ ಹೇಳ್ರಿ."

ಪೆನ್ಸಿಲ್ ಕೆರೆಯುವ ಸದ್ದು ನಿಂತಿತು. ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುವ ಸದ್ದೂ ನಿಂತಿತು. ಮಾಸ್ತರರು ಗದ್ದ ಎತ್ತಿ ದಾರದ ಕಡೆ ತೋರಿಸಿದರು. "ಆ ಸಾಲಿನ್ಯಾಗ ಬಲಗಡಿಂದ ಮೂರನೇದು. ಕಂಬದ ಮುಂದ ನಿಂತಾಕಿ ಆಕಿನ. ಮೊನ್ನಿ ವಾರ ಮತ್ತ ಬಂದು ತಗಿಸ್ಕೊಂಡು ಹೋಗ್ಯಾಳ. ಬಾಲವಾಡಿ ಕೆಲಸಕ್ಕ ಅರ್ಜಿ ಹಾಕಾಕ ಬೇಕಂತ."

ಪರೀಕ್ಷೆಯ ಹುಡುಗರ ಮುಖಗಳ ನಡುವೆ ಒಬ್ಬ ಹೆಂಗಸಿನ ಮುಖ. ನನಗಿಂತ ಒಂದೆರಡು ವರ್ಷ ಸಣ್ಣವಳು. ಕೊರಳಲ್ಲಿ ತಾಳಿ ಇತ್ತು.

ಆಮೇಲೆ ಅವರು ತಡೆಯಲಿಲ್ಲ. ಆಕೆಯ ತವರು ನವಲಗುಂದದ ಪಕ್ಕದ ಹಳ್ಳಿ. ಮದುವೆಯಾದ ಹೊಸದರಲ್ಲಿ ಗಂಡ ಹೆಂಡತಿ ಬಂದು ಜೋಡಿ ಫೋಟೋ ತೆಗೆಸಿಕೊಂಡಿದ್ದರು. ವರ್ಷವೆರಡು ಕಳೆದು ಅವನೊಬ್ಬನೇ ಅದೇ ಫೋಟೋ ಹಿಡಿದುಕೊಂಡು ಬಂದ. ಹೆಂಡತಿ ಜ್ವರದಲ್ಲಿ ತೀರಿಕೊಂಡಳು, ನೋಡಿದರೆ ಸಂಕಟವಾಗುತ್ತದೆ, ಆಕೆಯನ್ನು ಅಳಿಸಿ ನನ್ನೊಬ್ಬನನ್ನೇ ಉಳಿಸಿಕೊಡಿ ಎಂದು ಅತ್ತ. ಕಂಬ ಮಾತ್ರ ಇರಲಿ, ಅದು ಭಾರಿ ಕಾಣುತ್ತದೆ ಎಂದೂ ಹೇಳಿದನಂತೆ. ಮಾಸ್ತರರು ಮೂರು ದಿನ ಕೂತು ಕುಂಚದಿಂದ ಆಕೆಯ ಮೇಲೆ ಕಂಬ ಬರೆದು, ಅದನ್ನು ಮತ್ತೆ ಫೋಟೋ ಹಿಡಿದು ಕೊಟ್ಟರು. ಮುಂದೆ ಕೆಲವು ತಿಂಗಳಿಗೆ, ನಾವು ಅಲ್ಲಿಗೆ ಹೋಗುವ ಮುಂಚೆಯೇ, ಸತ್ತವಳು ಚಪ್ಪಲಿ ಕಳಚಿ ಅಂಗಡಿಯೊಳಗೆ ಬಂದಳು. ವರದಕ್ಷಿಣೆಯ ಜಗಳದಲ್ಲಿ ಅವನು ಆಕೆಯನ್ನು ತವರಿಗೆ ಅಟ್ಟಿದ್ದ.

"ಕೆರಿ ನೀರಿನ ಮ್ಯಾಲ ಸಂಶಯ ಪಡಾವ ನಾನು. ಅವನ ಕಣ್ಣೀರಿನ ಮ್ಯಾಲ ಪಡಲಿಲ್ಲ" ಎಂದರು. "ಅಳಿಸಿದಾವ ನಾನ ಅಲ್ಲೇನ? ನಿಮ್ಮಪ್ಪ ಆ ಫೋಟೋ ಮೇಜಿನ ಮ್ಯಾಲ ಇಟ್ಟಾಗ ನನಗ ಗುರ್ತ ಸಿಕ್ತು. ನಿಮ್ಮ ಮಂದಿ ಲಗ್ನದಾಗ ನಾ ಬಾಯಿ ಹಾಕಿದ್ರ ಊರು ಏನಂತದ? ಯಾರೋ ರೊಕ್ಕಾ ಕೊಟ್ಟು ಹೇಳ್ಸ್ಯಾರ ಅಂತದ. ಮಷೀನಿನ ಮ್ಯಾಲ ಹಾಕಿದ್ರ ಮಷೀನೇನ ಜಗಳಾ ಮಾಡಂಗಿಲ್ಲ. ಹುಣ್ಣಿವಿ ದಾಟಿದ್ರ ಸಾಕು ಅಂತ ಕುಂತಿದ್ದೆ."

ಚಾಚಿ ನನಗೆ ಕುಡಿಯಲು ನೀರು ತಂದುಕೊಟ್ಟರು. ಆಗ ಅಳು ಬಂತು. ಚಾಚಿಯ ಬೆಳ್ಳುಳ್ಳಿ ವಾಸನೆಯ ಸೆರಗಿಗೆ ಮುಖ ಒರೆಸಿಕೊಂಡು ಅತ್ತೆ.

ಮನೆಗೆ ಬಂದು ಹೇಳಿದರೆ ಅಪ್ಪ ನಂಬಲಿಲ್ಲ. ಮಾಸ್ತರರು ಹೇಳಿದ ಹಾಗೇ ಆಯಿತು. "ಅವಂಗ ಯಾರೋ ರೊಕ್ಕಾ ಕೊಟ್ಟು ಹೇಳಕೊಟ್ಟಾರ. ನಮ್ಮ ಮನಿತನ ನೋಡಿ ಹೊಟ್ಟಿ ಉರಕೊಳ್ಳಾವ್ರೇನ ಕಡಿಮಿ ಅದಾರ?" ಎಂದು ಕೂಗಾಡಿದ. ನಾನು ಊಟ ಬಿಟ್ಟು ಕೂತೆ. ಒಂದು ಸಲ ಕಣ್ಣಾರೆ ನೋಡಿ ಬರ್ರಿ, ಆಮೇಲೆ ನೀವು ಹೇಳಿದ ಕಡೆ ಕೊರಳು ಕೊಡುತ್ತೇನೆ ಎಂದೆ. ಮರುದಿನ ಅಪ್ಪ ಆ ಹಳ್ಳಿಗೆ ಹೋದ.

ಸಂಜೆ ಬಂದವನು ಕಾಲು ಕೂಡ ತೊಳೆಯದೆ ಕಟ್ಟೆಯ ಮೇಲೆ ಕೂತ. ಅವ್ವ ಏನಾಯಿತೆಂದು ಮೂರು ಸಲ ಕೇಳಿದಳು.

"ಆಕಿ ನನಗ ಚಾ ಮಾಡಿ ಕೊಟ್ಲು" ಎಂದ ಅಪ್ಪ.

ಸಂಬಂಧ ಮುರಿಯಿತು. ನಾನು ಉಳಿದೆ. ಆದರೆ ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಮುಜುಗರ. ಮದುವೆ ಯಾಕೆ ಮುರಿಯಿತೆಂದು ಕೇಳಿದವರಿಗೆ ಅಪ್ಪ ಕಾರಣ ಹೇಳಲಿಲ್ಲ. ಹೆಂಡತಿ ಇದ್ದವನಿಗೆ ಮಗಳನ್ನು ಕೊಡಲು ಹೊರಟಿದ್ದರು ಎಂಬ ಮಾತು ನಮ್ಮ ಮೇಲೆ ಬರಬಾರದೆಂದು ಬಾಯಿ ಮುಚ್ಚಿಕೊಂಡ. ಕಲಘಟಗಿಯವರು ಸುಮ್ಮನಿರಲಿಲ್ಲ. ನವಲಗುಂದದ ಫೋಟೋದವನು ಲಗ್ನ ಮುರಿದ ಎಂದು ಸಂತೆಗಳಲ್ಲಿ ಹೇಳಿಸಿದರು. ಮಾಸ್ತರರು ಕನ್ಯೆಯರ ಫೋಟೋ ಯಾರ್ಯಾರಿಗೋ ತೋರಿಸುತ್ತಾರೆ ಎಂದೂ ಸೇರಿಸಿದರು. ಆ ವರ್ಷ ಲಗ್ನದ ದಿನಗಳಲ್ಲಿ ಅವರ ಕಟ್ಟೆಯ ಮುಂದೆ ಚಪ್ಪಲಿಗಳೇ ಇರಲಿಲ್ಲ. ಜನ ಹುಬ್ಬಳ್ಳಿಯಿಂದ ಫೋಟೋದವರನ್ನು ಕರೆಸಿದರು. ನಾವು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಅಪ್ಪ ಆಡಲಿಲ್ಲ, ಅಪ್ಪನಿಗೆ ಹೆದರಿ ನಾನೂ ಆಡಲಿಲ್ಲ. ಸಂಶಯ ಪಡಲು ನನಗೆ ಧೈರ್ಯವಿತ್ತು, ಖರೆ ಹೇಳಲು ಇರಲಿಲ್ಲ.

ಆ ಸಂಕಟ ತಾಳಲಾರದೆ ಒಂದು ದಿನ ಹೋಗಿ ಅವರ ಮುಂದೆ ನಿಂತೆ. "ನಾ ಎಲ್ಲಾರ ಮುಂದ ಹೇಳ್ತೀನ್ರಿ" ಎಂದೆ.

"ಬ್ಯಾಡ. ಆ ಹುಡುಗಿ ಹೆಸರೂ ಬರತದ, ನಿಂದೂ ಬರತದ. ನನ್ನ ಹೆಸರ ಹ್ಯಾಂಗೂ ಕೆಟ್ಟೈತಿ, ಒಬ್ಬಂದ ಕೆಡಲಿ" ಎಂದರು. ಆಮೇಲೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ನಿಂದು ಫೌಜದಾರನ ಕಣ್ಣು. ಟಚಿಂಗ್ ಕೆಲಸಕ್ಕ ಬೇಕಾದದ್ದು ಅದ. ಕಲೀತೀಯೇನು?" ಎಂದರು. ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ ಮುಖ ತಿದ್ದುವುದಕ್ಕೆ ಅವರು ಟಚಿಂಗ್ ಎನ್ನುತ್ತಿದ್ದರು.

ಅಪ್ಪ ಬೇಡ ಎನ್ನಲಿಲ್ಲ. ಅದು ಅವನು ಮಾಡಿಕೊಂಡ ಪ್ರಾಯಶ್ಚಿತ್ತ ಇರಬೇಕು. ದಿನಾ ಬೆಳಗಿನ ಬಸ್ಸಿಗೆ ಹೋಗಿ, ಸಂಜೆ ಬಸ್ಸಿಗೆ ಬರುತ್ತಿದ್ದೆ. ಕಿಟಕಿಯ ಬಳಿ ಚಾಚಿಯ ಪಕ್ಕದಲ್ಲಿ ನನ್ನ ಮೇಜು. ಪೆನ್ಸಿಲ್ಲಿನ ಮೊನೆಯನ್ನು ಉಸುಕಿನ ಕಾಗದಕ್ಕೆ ಉಜ್ಜಿ ಸೂಜಿಯಷ್ಟು ಚೂಪು ಮಾಡಿ, ಉಗುರಿನ ಮೇಲೆ ಒಂದು ಚುಕ್ಕೆ ಇಟ್ಟು ನೋಡುವುದನ್ನು ಕಲಿತೆ. ನನ್ನ ಎಡಗೈ ಹೆಬ್ಬೆರಳಿನ ಉಗುರೂ ಉದ್ದವಾಯಿತು.

ಕೆಲಸ ಕಲಿಸುವಾಗಲೂ ಅವರದು ಅದೇ ಸಂಶಯ. ನಾನು ತಿದ್ದಿದ್ದನ್ನು ಬೆಳಕಿಗೆ ಹಿಡಿದು, "ಇದು ಯಾರ ಮೂಗು?" ಎನ್ನುತ್ತಿದ್ದರು. ಒಮ್ಮೆ ಅಣ್ಣಿಗೇರಿ ಕಡೆಯ ಸಾಹುಕಾರರೊಬ್ಬರು ತೀರಿ ಹೋದ ತಂದೆಯ ಫೋಟೋ ತಂದು, ಅಪ್ಪನ ಕೈಗೆ ಒಂದು ಗಡಿಯಾರ ಬರೆಯಿರಿ, ಇದ್ದಾಗ ಕಟ್ಟಲಿಲ್ಲ ಎಂದರು. ಬರೆಯುತ್ತೇನೆ, ಎಷ್ಟು ಗಂಟೆ ಇಡಲಿ ಎಂದು ಮಾಸ್ತರರು ಕೇಳಿದರು. ಸಾಹುಕಾರರು ಒಂದು ಹೊತ್ತು ಹೇಳಿದರು, ಅವರ ತಮ್ಮ ಅದು ರಾಹುಕಾಲ ಎಂದ, ಅಂಗಡಿಯಲ್ಲೇ ಅಣ್ಣ ತಮ್ಮಂದಿರಿಗೆ ಜಗಳವಾಯಿತು. ಕೊನೆಗೆ ಮಾಸ್ತರರು ಅಂಗಿಯ ತೋಳನ್ನು ಒಂದಿಷ್ಟು ಕೆಳಗೆ ಎಳೆದು, ಗಡಿಯಾರದ ಪಟ್ಟಿ ಮಾತ್ರ ಕಾಣುವಂತೆ ಬರೆದುಕೊಟ್ಟರು. ಅವತ್ತು ಅವರು ನಕ್ಕಷ್ಟು ಮತ್ತೆಂದೂ ನಕ್ಕದ್ದು ನೋಡಿಲ್ಲ.

ಅವರದೊಂದು ಪದ್ಧತಿ ಇತ್ತು. ಯಾರ ಮುಖ ತಿದ್ದಿದರೂ ಒಂದು ಗುರುತು ಬಿಡುತ್ತಿದ್ದರು. ಹತ್ತು ಸಿಡುಬಿನ ಕಲೆ ತೆಗೆದರೆ ಹನ್ನೊಂದನೆಯದನ್ನು ಮುಟ್ಟುತ್ತಿರಲಿಲ್ಲ. "ಎಲ್ಲಾ ತಗದ್ರ ಹಡದಾಕಿಗೇ ಗುರ್ತ ಸಿಗಂಗಿಲ್ಲ" ಎನ್ನುತ್ತಿದ್ದರು. ಇದು ತಿಳಿದ ದಿನದಿಂದ ನನಗೊಂದು ಸಂಶಯ ಹತ್ತಿಕೊಂಡಿತು. ಸೆರಗು ಅಳಿಸಿ ಅಂಗಿಯ ಗೆರೆ ಬರೆಯಬಲ್ಲವರು, ಕಂಬದ ಮೇಲೆ ಬಳ್ಳಿ ಬರೆಯುವುದನ್ನು ಮರೆತರೇ? ಅಥವಾ ಬೇಕೆಂದೇ ಬಿಟ್ಟರೇ? ಅವನ ಕಣ್ಣೀರಿನ ಮೇಲೆ ಅವರಿಗೆ ಆಗಲೇ ಒಂದು ಎಳೆಯಷ್ಟು ಸಂಶಯ ಇತ್ತೇ? ಎಷ್ಟೋ ಸಲ ಕೇಳಿದೆ. "ನನ್ನ ಕಣ್ಣ ಮಂಜಾಗಿದ್ವು, ಬಳ್ಳಿ ಕಾಣಲಿಲ್ಲವಾ" ಎನ್ನುತ್ತಿದ್ದರು. ಆಗ ಅವರ ಕಣ್ಣುಗಳು ಸೂಜಿಗೆ ದಾರ ಪೋಣಿಸುವಷ್ಟು ಚುರುಕಾಗಿದ್ದವು. ನಾನು ಇವತ್ತಿಗೂ ನಂಬಿಲ್ಲ.

ಮುಂದೆ ನನಗೂ ಮದುವೆಯಾಯಿತು. ಆ ಸಲ ಕಳಿಸಿದ ಫೋಟೋದಲ್ಲಿ ಗಲ್ಲದ ಕಲೆ ಇದ್ದ ಹಾಗೇ ಇತ್ತು. ಅದನ್ನು ನಾನೇ ತೊಳೆದು ಒಣಗಿಸಿದ್ದೆ. ಗಂಡನ ಮನೆ ನವಲಗುಂದದಲ್ಲೇ ಆದ್ದರಿಂದ ಕೆಲಸ ಬಿಡಬೇಕಾಗಲಿಲ್ಲ.

ಆ ದಶಕ ಮುಗಿಯುವುದರೊಳಗೆ ಮಾಸ್ತರರು ಹೋದರು. ದಮ್ಮು ಮೊದಲೇ ಇತ್ತು. ಕತ್ತಲೆ ಕೋಣೆಯ ಔಷಧದ ಗಾಳಿ ಅದನ್ನು ಹೆಚ್ಚು ಮಾಡಿತ್ತು. ಕೊನೆಯ ವಾರದಲ್ಲಿ ಡಾಕ್ಟರರ ಗುಳಿಗೆಗಳನ್ನೂ ಬೆಳಕಿಗೆ ಹಿಡಿದು ನೋಡಿಯೇ ನುಂಗುತ್ತಿದ್ದರು. ಮಣ್ಣಿಗೆ ಬಹಳ ಜನ ಬಂದಿದ್ದರು. ಹಿಂದೆ ಬೆನ್ನು ತಿರುಗಿಸಿದವರೂ ಬಂದಿದ್ದರು. ಬಾಲವಾಡಿಯ ಆ ಹೆಂಗಸು ಬಂದು ಚಾಚಿಯ ಪಕ್ಕದಲ್ಲಿ ಕೂತಿದ್ದಳು. ಅವತ್ತು ಅಪ್ಪ, ಎಪ್ಪತ್ತರ ಹತ್ತಿರ ಬಂದಿದ್ದ ನನ್ನ ಅಪ್ಪ, ಅವರ ಕಟ್ಟೆಯ ಮೇಲೆ ನಿಂತು, ಲಗ್ನ ಮುರಿದವರು ಮಾಸ್ತರರಲ್ಲ, ನನ್ನ ಮಗಳನ್ನು ಉಳಿಸಿದವರು ಅವರು ಎಂದು ನೆರೆದವರಿಗೆಲ್ಲ ಹೇಳಿದ. ಕೇಳಬೇಕಾದವರು ಮಾತ್ರ ಅಲ್ಲಿರಲಿಲ್ಲ.

ನಲವತ್ತು ದಿನ ಕಳೆದ ಮೇಲೆ ಚಾಚಿ ಅವರದೊಂದು ಫೋಟೋ ಕೇಳಿದರು. "ಗ್ವಾಡಿಗೆ ಅಲ್ಲವಾ. ಟ್ರಂಕಿನ್ಯಾಗ ಇಟ್ಕೋತೀನಿ, ನೆನಪಾದಾಗ ನೋಡ್ತೀನಿ."

ಅವರ ಒಂದು ನೆಗೆಟಿವ್ ನನ್ನಲ್ಲಿತ್ತು. ಕ್ಯಾಮರಾ ಹಿಡಿಯುವುದನ್ನು ಕಲಿಯುವಾಗ ನಾನೇ ತೆಗೆದದ್ದು. ಎನ್‌ಲಾರ್ಜರಿನಲ್ಲಿ ಇಟ್ಟೆ. ಮೊದಲ ಪ್ರತಿ ಮಸುಕಾಗಿ ಬಂತು. ಎರಡನೆಯದೂ ಮಸುಕು. ಮೂರನೆಯದಕ್ಕೆ ಯಂತ್ರದ ತಲೆ ನಡುವೆಯೇ ಸಿಕ್ಕಿಕೊಂಡಿತು. ಮೇಲೂ ಹೋಗವಲ್ಲದು, ಕೆಳಗೂ ಬರವಲ್ಲದು. ನನಗೆ ನಗುವೂ ಬಂತು, ಅಳುವೂ ಬಂತು. ಗೋಡೆಗೆ ಕಿವಿ ಹಚ್ಚಿದೆ, ಗಿರಣಿ ನಿಂತಿತ್ತು. ಬಲ್ಬು ಬದಲಿಸಿದೆ. ಲೆನ್ಸು ಒರೆಸಿದೆ. ನೆಗೆಟಿವ್ ಊದಿದೆ. ಯಾವುದರಿಂದಲೂ ಸುದ್ದ ಆಗಲಿಲ್ಲ. ಅವರು ಹೇಳಿದ ಪಾಳಿಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದನ್ನು ನಾನು ಕೊನೆಗೆ ನೋಡಿದೆ. ಗುಂಡಿ ಹಿಡಿದ ನನ್ನ ಕೈ ನಡುಗುತ್ತಿತ್ತು, ಅದನ್ನು ಓರೆಯಾಗಿ ತಿರುವಿ ನಾನೇ ಸಿಕ್ಕಿಸಿದ್ದೆ.

ಅವರ ಸ್ಟೂಲಿನ ಮೇಲೆ ಕೂತೆ. ಕೈ ನೆಟ್ಟಗಾಗುವವರೆಗೆ ಕೆಂಪು ಬೆಳಕಿನಲ್ಲಿ ಸುಮ್ಮನೆ ಕೂತೆ. ಆಮೇಲೆ ತೆಗೆದ ಪ್ರತಿ ಸ್ವಚ್ಛ ಬಂತು. ಅದರಲ್ಲಿ ಅವರು ಕನ್ನಡಕದ ಮೇಲಿನಿಂದ ಕ್ಯಾಮರಾ ಹಿಡಿದವಳನ್ನು, ಇವಳಿಗೆ ಇದು ಬರುತ್ತದೋ ಇಲ್ಲವೋ ಎಂದು ನೋಡುತ್ತಿದ್ದಾರೆ. ಹಣೆಯ ಗೆರೆ, ಗಲ್ಲದ ಗಂಟು, ಕಂದಿದ ಉಗುರು ಎಲ್ಲ ಇದ್ದವು. ಪೆನ್ಸಿಲ್ ಮೊನೆ ಮಾಡಿ ಉಗುರಿನ ಮೇಲೆ ಒಂದು ಚುಕ್ಕೆ ಇಟ್ಟು ನೋಡಿದೆ, ಆಮೇಲೆ ಅದನ್ನು ಕೆಳಗಿಟ್ಟೆ. ಅವರ ಮುಖದಲ್ಲಿ ನಾನು ಏನನ್ನೂ ತಿದ್ದಲಿಲ್ಲ.